ಜರ್ಮನಿಯಲ್ಲಿ ಮನೆ ಹುಡುಕುವ ಮೊದಲು ಟ್ರಾಮ್ ನಿಲ್ದಾಣ ಹುಡುಕಿ

ಹುಬ್ಬಳ್ಳಿ-ಧಾರವಾಡದಿಂದ ಜರ್ಮನಿಗೆ ಹೊರಟವರು ತಪ್ಪದೆ ಕೇಳುವ ಪ್ರಶ್ನೆ: ‘ಅಲ್ಲಿ ಕಾರು ಬೇಕೇ ಬೇಕಾ?’ ಬಡಾವಣೆಯನ್ನು ನೋಡಿ ಆರಿಸಿಕೊಂಡರೆ ಬೇಡ. ಬಾಡಿಗೆ ಮನೆಯ ಫೋಟೋಗಳಿಗೆ ಮರುಳಾಗುವ ಮೊದಲು ನಕಾಶೆ ತೆರೆದು, ಟ್ರಾಮ್ ನಿಲ್ದಾಣಕ್ಕೆ ಎಷ್ಟು ನಿಮಿಷದ ನಡಿಗೆ ಎಂದು ನೋಡಿ.

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ನಮ್ಮ ಚಿಗರಿ ಬಸ್ಸಿಗೂ ಪ್ರತ್ಯೇಕ ರಸ್ತೆಯಿದೆ, ಸಲೀಸಾಗಿ ಧಾರವಾಡ ಮುಟ್ಟಿಸುತ್ತದೆ. ಆದರೆ ಎಷ್ಟೋ ಮಂದಿ ಇಳಿದ ಮೇಲೆ ಮನೆಗೆ ಮತ್ತೆ ಆಟೋ ಹುಡುಕಬೇಕು. ಜರ್ಮನಿಯ ಒಳ್ಳೆಯ ಬಡಾವಣೆಗಳಲ್ಲಿ ಆ ಕೊನೆಯ ಅರ್ಧ ಕಿಲೋಮೀಟರನ್ನೂ ಮೊದಲೇ ಯೋಚಿಸಿರುತ್ತಾರೆ.

ಫ್ರೈಬುರ್ಗ್ ನಗರದ ವೊಬಾನ್ ಇದಕ್ಕೆ ಹೆಸರಾದ ಬಡಾವಣೆ. 1992ರಲ್ಲಿ ಫ್ರೆಂಚ್ ಸೈನ್ಯ ಬಿಟ್ಟುಹೋದ ಜಾಗದಲ್ಲಿ ಕಟ್ಟಿದ್ದು. ಅಪಾರ್ಟ್‌ಮೆಂಟುಗಳು ಒತ್ತೊತ್ತಾಗಿವೆ, ನಡುವೆ ಹುಲ್ಲುಹಾಸಿನ ಮೇಲೆ ಹಳಿ. 2006ರಲ್ಲಿ ಟ್ರಾಮ್ ಇಲ್ಲಿಗೆ ಬಂತು. ಅಲ್ಲಿನ ಹೆಚ್ಚಿನ ಓಣಿಗಳಲ್ಲಿ ಮನೆ ಮುಂದೆ ಕಾರು ನಿಲ್ಲಿಸುವ ಹಾಗಿಲ್ಲ. ಬೇಕಾದವರು ಬಡಾವಣೆಯ ಅಂಚಿನ ಬಹುಮಹಡಿ ಪಾರ್ಕಿಂಗ್‌ನಲ್ಲಿ ದುಡ್ಡು ಕೊಟ್ಟು ಜಾಗ ಕೊಳ್ಳಬೇಕು. ಹೀಗೆ ಕಾರಿನವರೆಗೆ ನಡೆಯುವ ಹೊತ್ತಿಗೆ ಟ್ರಾಮ್ ಹತ್ತಿಬಿಡಬಹುದು. ನನಗೆ ಬಹಳ ಮೆಚ್ಚಿಗೆಯಾದ ಲೆಕ್ಕಾಚಾರವಿದು.

ಯಾವ ಊರಲ್ಲಾದರೂ ಮನೆ ನೋಡುವಾಗ ಓಣಿಯ ಬಾಯಲ್ಲಿ ಒಂದು ನೀಲಿ ಫಲಕ ಇದೆಯೇ ಗಮನಿಸಿ: ಚೆಂಡಾಡುವ ಮಗು, ಜೊತೆಗೊಬ್ಬ ದೊಡ್ಡವರು, ಪಕ್ಕದಲ್ಲಿ ಮನೆ ಮತ್ತು ಕಾರು. ಆ ಫಲಕದಾಚೆ ರಸ್ತೆಯ ಪೂರ್ತಿ ಅಗಲದಲ್ಲಿ ನಡೆಯಬಹುದು, ಮಕ್ಕಳು ಆಡಬಹುದು. ವಾಹನಗಳು ನಡಿಗೆಯ ವೇಗದಲ್ಲೇ ಸಾಗಬೇಕು. ಚಿಕ್ಕ ಮಕ್ಕಳಿದ್ದರೆ ಬಾಡಿಗೆ ತುಸು ಹೆಚ್ಚಾದರೂ ಇಂಥ ಓಣಿಯನ್ನೇ ಹಿಡಿಯಿರಿ.

ಟಿಕೆಟ್ ವಿಷಯ. ‘ಡಾಯ್ಚ್‌ಲಾಂಡ್ ಟಿಕೆಟ್’ 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ದೇಶದ ಯಾವ ಊರಲ್ಲಾದರೂ ಸಿಟಿ ಬಸ್ಸು, ಟ್ರಾಮ್, ಮೆಟ್ರೋ, ಪ್ರಾದೇಶಿಕ ರೈಲಿಗೆ ನಡೆಯುತ್ತದೆ. ಐಸಿಇಯಂಥ ವೇಗದ ರೈಲಿಗೆ ನಡೆಯದು. ತಾನಾಗಿಯೇ ಮುಂದುವರಿಯುವ ಚಂದಾ ಇದು. ಮುಂದಿನ ತಿಂಗಳಿಗೆ ಬೇಡವೆಂದರೆ ಈ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಿ. ನಿಲ್ದಾಣದಲ್ಲಿ ತಡೆಯುವ ಗೇಟುಗಳಿಲ್ಲ, ಆದರೆ ಟ್ರಾಮ್, ರೈಲಿನೊಳಗೆ ತಪಾಸಣೆ ಮಾಡುವವರು ಬರುತ್ತಾರೆ. ಟಿಕೆಟ್ ಇಲ್ಲದಿದ್ದರೆ ಸಾಮಾನ್ಯವಾಗಿ 60 ಯೂರೋ ದಂಡ. ಟ್ರಾಮಿನ ಬಾಗಿಲು ತಾನಾಗಿ ತೆರೆಯದಿದ್ದರೆ ಅದರ ಮೇಲಿನ ಗುಂಡಿ ಒತ್ತಿ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಕಾಯಿಪಲ್ಲೆ ಶನಿವಾರವೇ ತಂದಿಡಿ. ಊರಿಂದ ಅಪ್ಪ-ಅವ್ವ ಬರುವವರಿದ್ದರೆ, ನಿಮ್ಮ ಮಾರ್ಗದ ಟ್ರಾಮಿಗೆ ಮೆಟ್ಟಿಲಿಲ್ಲದೆ ಹತ್ತಲು ಬರುತ್ತದೆಯೇ ಎಂದು ಮನೆ ಒಪ್ಪುವ ಮೊದಲೇ ನೋಡಿಕೊಳ್ಳಿ. ಹಾಗಿದ್ದರೆ ನೀವು ಕೆಲಸಕ್ಕೆ ಹೋದಾಗ ಅವರಿಬ್ಬರೇ ಪೇಟೆಗೆ ಹೋಗಿ ಬರಬಹುದು.