ಅಮೆರಿಕ ಬಿಡುವ ಮುನ್ನ: ಟ್ರಸ್ಟ್ ಹೆಸರಿನ ಬಂದೂಕನ್ನು ಏನು ಮಾಡಬೇಕು?

ಟೆಕ್ಸಾಸ್‌ನಲ್ಲೋ ಜಾರ್ಜಿಯಾದಲ್ಲೋ ಹದಿನೈದು ಇಪ್ಪತ್ತು ವರ್ಷ ಬಾಳಿ, ಈಗ ಊರಿಗೆ ಮರಳಲು ಹೊರಟ ಕನ್ನಡಿಗರು ಮನೆ, ಕಾರು, ಮಕ್ಕಳ ಶಾಲೆ ಎಲ್ಲಕ್ಕೂ ಪಟ್ಟಿ ಮಾಡಿಕೊಂಡಿರುತ್ತಾರೆ. ಗನ್ ಸೇಫ್‌ನಲ್ಲಿರುವ, ಬಂದೂಕಿನ ಸದ್ದಡಗಿಸುವ ಸೈಲೆನ್ಸರ್ ಮಾತ್ರ ನೆನಪಾಗುವುದು ಟಿಕೆಟ್ ಕೈಗೆ ಬಂದ ಮೇಲೆ. ಅಷ್ಟು ತಡ ಮಾಡಬೇಡಿ, ಆರು ತಿಂಗಳು ಮೊದಲೇ ಶುರು ಮಾಡಿ.

ಮೊದಲು ಸೇಫ್ ತೆರೆದು ಕಾಗದಪತ್ರ ಹರಡಿಕೊಂಡು ಕೂರಿ. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಎಲ್ಲ ಬಂದೂಕಿಗೂ ಅನ್ವಯಿಸುವುದಿಲ್ಲ. ಸೈಲೆನ್ಸರ್, 16 ಇಂಚಿಗಿಂತ ಗಿಡ್ಡ ನಳಿಗೆಯ ರೈಫಲ್, 18 ಇಂಚಿಗಿಂತ ಗಿಡ್ಡ ನಳಿಗೆಯ ಶಾಟ್‌ಗನ್, ಮಷಿನ್ ಗನ್ ಮುಂತಾದವು ಅದರ ಹಿಡಿತದಲ್ಲಿವೆ. ಪ್ರತಿಯೊಂದರ ಸೀರಿಯಲ್ ನಂಬರನ್ನು ಎಟಿಎಫ್ (ಇವುಗಳ ನೋಂದಣಿ ನೋಡಿಕೊಳ್ಳುವ ಅಮೆರಿಕದ ಕೇಂದ್ರ ಸಂಸ್ಥೆ) ಮಂಜೂರು ಮಾಡಿದ ಫಾರ್ಮಿನ ಜೊತೆ ತಾಳೆ ನೋಡಿ. ಅದರಲ್ಲಿ ನಿಮ್ಮ ಹೆಸರಿದೆಯೋ, ಬಂದೂಕಿನ ಒಡೆತನಕ್ಕೆಂದು ನೀವು ಮಾಡಿಸಿದ ಟ್ರಸ್ಟಿನ ಹೆಸರಿದೆಯೋ? ಮುಂದಿನ ದಾರಿ ನಿಂತಿರುವುದು ಇದರ ಮೇಲೆ.

ಟ್ರಸ್ಟಿನ ಹೆಸರಿದ್ದರೆ ಕೆಲಸ ಸಲೀಸು. ನೀವು ದೇಶ ಬಿಟ್ಟರೂ ಒಡೆತನ ಟ್ರಸ್ಟಿನಲ್ಲೇ ಉಳಿಯುತ್ತದೆ. ಆದರೆ ಅಲ್ಲಿ ಒಬ್ಬ ಟ್ರಸ್ಟಿಯೂ ಉಳಿಯದಿದ್ದರೆ ಆ ಬಂದೂಕನ್ನು ಕಾನೂನುಬದ್ಧವಾಗಿ ಮುಟ್ಟುವವರೇ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೇ ಟ್ರಸ್ಟಿಗಳಾಗಿದ್ದು ಇಬ್ಬರೂ ಹೊರಟಾಗ ಆಗುವುದು ಇದೇ.

ಆದ್ದರಿಂದ ಎರಡನೆಯ ಹೆಜ್ಜೆ, ಅದೇ ರಾಜ್ಯದಲ್ಲಿ ನೆಲೆಸಿರುವ ನಂಬಿಕಸ್ಥರೊಬ್ಬರನ್ನು ಸಹ ಟ್ರಸ್ಟಿಯಾಗಿ ಸೇರಿಸುವುದು. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇದು. ಟ್ರಸ್ಟ್ ಪತ್ರದಲ್ಲಿ ಹೇಳಿದ ಕ್ರಮದಲ್ಲೇ ತಿದ್ದುಪಡಿ ಬರೆಸಿ, ನೋಟರಿ ಮುಂದೆ ಸಹಿ ಹಾಕಿಸಿ. ಬಂದೂಕು ಈಗಾಗಲೇ ಮಂಜೂರಾಗಿದ್ದರೆ ಹೊಸ ಟ್ರಸ್ಟಿಯ ಬೆರಳಚ್ಚು, ಫೋಟೋಗಳನ್ನು ಎಟಿಎಫ್‌ಗೆ ಕಳಿಸಬೇಕಿಲ್ಲ. 2016ರ ಜುಲೈನಿಂದ ಬಂದ ಆ ನಿಯಮ ಹೊಸ ಅರ್ಜಿಗಳಿಗೆ ಮಾತ್ರ. ಹಾಗೆಂದು ಯಾರನ್ನೋ ಸೇರಿಸಬೇಡಿ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರು, ಕೌಟುಂಬಿಕ ಹಿಂಸೆಯ ಪ್ರಕರಣದಲ್ಲಿ ತಪ್ಪಿತಸ್ಥರಾದವರು ಬಂದೂಕು ಹಿಡಿಯುವಂತಿಲ್ಲ. ನಮ್ಮವರು ಎಡವುವುದು ಇನ್ನೊಂದು ಕಡೆ: ಅಣ್ಣನ ಮಗ ಎಚ್-1ಬಿ ವೀಸಾದಲ್ಲಿ ಇಲ್ಲೇ ಇದ್ದಾನಲ್ಲ, ಅವನೇ ನೋಡಿಕೊಳ್ಳಲಿ ಎಂದುಕೊಳ್ಳುತ್ತಾರೆ. ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ ಎಚ್-1ಬಿಯಲ್ಲಿರುವವರಿಗೂ ಬಂದೂಕು ನಿಷಿದ್ಧ.

ಹೊಸ ಟ್ರಸ್ಟಿ ಬೇರೆ ರಾಜ್ಯದವರಾದರೆ ಗಿಡ್ಡ ನಳಿಗೆಯ ಬಂದೂಕು, ಮಷಿನ್ ಗನ್‌ಗಳನ್ನು ಅಲ್ಲಿಗೆ ಸಾಗಿಸುವ ಮೊದಲೇ ಎಟಿಎಫ್‌ಗೆ ಫಾರ್ಮ್ 5320.20 ಕಳಿಸಿ ಒಪ್ಪಿಗೆ ಪಡೆಯಬೇಕು. ಸೈಲೆನ್ಸರಿಗೆ ಆ ಫಾರ್ಮ್ ಬೇಡ. ಆದರೆ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ನ್ಯೂಯಾರ್ಕ್‌ಗಳಲ್ಲಿ ಜನಸಾಮಾನ್ಯರು ಸೈಲೆನ್ಸರ್ ಇಟ್ಟುಕೊಳ್ಳುವುದೇ ಅಪರಾಧ.

ಟ್ರಸ್ಟಿಯಾಗಲು ಯಾರೂ ಸಿಗಲಿಲ್ಲವೇ, ಅಥವಾ ಬಂದೂಕು ನಿಮ್ಮ ಸ್ವಂತ ಹೆಸರಿನಲ್ಲೇ ಇದೆಯೇ? ಬ್ಯಾಂಕ್ ಲಾಕರಿನಲ್ಲಿ ಇಡಬಹುದು. ಸ್ನೇಹಿತರ ಮನೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲೂ ಇಡಬಹುದು, ಆದರೆ ಕೀಲಿ ನಿಮ್ಮ ಬಳಿಯೇ ಇರಬೇಕು. ನೋಂದಣಿ ಫಾರ್ಮಿನ ಪ್ರತಿಯನ್ನೂ ಒಂದು ಅನುಮತಿ ಪತ್ರವನ್ನೂ ಅವರಿಗೆ ಕೊಟ್ಟಿರಿ. ಕೀಲಿಯನ್ನೂ ಕೊಟ್ಟಿರೋ, ಅದು ಅಕ್ರಮ ಹಸ್ತಾಂತರ. ಹತ್ತು ವರ್ಷದವರೆಗೆ ಜೈಲು.

ಮತ್ತೆ ಹೋಗುವ ಯೋಚನೆಯೇ ಇಲ್ಲದಿದ್ದರೆ ಮಾರಿಬಿಡುವುದೇ ವಾಸಿ. ಅದೇ ರಾಜ್ಯದವರಿಗಾದರೆ ಎಟಿಎಫ್‌ನ ಫಾರ್ಮ್ 4 (ಹಸ್ತಾಂತರದ ಅರ್ಜಿ) ಸಾಕು, ಹೊರರಾಜ್ಯದವರಿಗಾದರೆ ಪರವಾನಗಿ ಇರುವ ಡೀಲರ್ ಮೂಲಕ. 2026ರ ಜನವರಿ 1ರಿಂದ ಸೈಲೆನ್ಸರ್, ಗಿಡ್ಡ ನಳಿಗೆಯ ಬಂದೂಕುಗಳಿಗೆ 200 ಡಾಲರ್ ಹಸ್ತಾಂತರ ತೆರಿಗೆ ಇಲ್ಲ. ಮಷಿನ್ ಗನ್‌ಗೆ ಇದೆ. ಗಿಡ್ಡ ರೈಫಲಿಗೆ ಇನ್ನೂ ಸುಲಭದ ದಾರಿಯಿದೆ: 16 ಇಂಚು ಅಥವಾ ಅದಕ್ಕಿಂತ ಉದ್ದದ ನಳಿಗೆ ಕೂರಿಸಿ ಎಟಿಎಫ್‌ಗೆ ಪತ್ರ ಬರೆದರೆ ಅದು ಸಾಮಾನ್ಯ ರೈಫಲ್ ಆಗುತ್ತದೆ.

ನಿಮ್ಮ ಪೌರತ್ವದ ಸ್ಥಿತಿಯನ್ನೂ ನೋಡಿಕೊಳ್ಳಿ. ಅಮೆರಿಕದ ಪ್ರಜೆ ಭಾರತದ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಪಡೆದರೆ ತೊಂದರೆಯಿಲ್ಲ. ಅಮೆರಿಕದ ಪೌರತ್ವವನ್ನೇ ತ್ಯಜಿಸಿದರೆ ಅಲ್ಲಿನ ಕಾನೂನಿನಂತೆ ಬಂದೂಕಿನ ಹಕ್ಕೂ ಹೋಗುತ್ತದೆ. ಗ್ರೀನ್ ಕಾರ್ಡ್ ಒಪ್ಪಿಸಿ ಮುಂದೆ ಪ್ರವಾಸಿ ವೀಸಾದಲ್ಲಿ ಹೋದವರೂ ಎಚ್-1ಬಿಯವರ ಸಾಲಿಗೇ ಸೇರುತ್ತಾರೆ. ಇಂಥ ನಿರ್ಧಾರವಿದ್ದರೆ ಸಹಿ ಹಾಕುವ ಮೊದಲೇ ಟ್ರಸ್ಟಿ ಸ್ಥಾನದಿಂದ ಲಿಖಿತವಾಗಿ ಹೊರಬನ್ನಿ.

ಇವನ್ನು ಊರಿಗೆ ತರುವ ಆಸೆ ಬಿಡಿ. ಹೊರಗೊಯ್ಯಲು ಎಟಿಎಫ್‌ನ ಫಾರ್ಮ್ 9 ಬೇಕು, ರಫ್ತು ಪರವಾನಗಿ ಬೇರೆ. ಇತ್ತ ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಸ್ವಯಂಚಾಲಿತ ಬಂದೂಕು ನಿಷೇಧಿತ ಶಸ್ತ್ರ. ಪರವಾನಗಿ ಇಲ್ಲದೆ ಯಾವ ಬಂದೂಕನ್ನೂ ಆಮದು ಮಾಡುವಂತಿಲ್ಲ. ಕೊನೆಗೆ ಸಾಮಾನು ಕಟ್ಟುವಾಗ, ಶೂಟಿಂಗ್ ರೇಂಜಿಗೆ ಒಯ್ಯುತ್ತಿದ್ದ ಬ್ಯಾಗನ್ನು ಪ್ರಯಾಣಕ್ಕೆ ಬಳಸಲೇಬೇಡಿ. ಜೇಬಿನ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ಗುಂಡು ಸ್ಕ್ಯಾನರಿನಲ್ಲಿ ಕಂಡರೂ ಭಾರತದ ವಿಮಾನ ನಿಲ್ದಾಣದ ಪೊಲೀಸರು ಇದೇ ಕಾಯ್ದೆಯಡಿ ಪ್ರಕರಣ ದಾಖಲಿಸಬಹುದು.