ಟಬ್ಬಿಗೆ ಎರಡು ಸಲ ಕೋಟಿಂಗ್ ಮಾಡ್ಸಿದ್ಮೇಲೆ ಗೊತ್ತಾಗಿದ್ದು

ಹಳೇ ಸ್ನಾನದ ಟಬ್ಬಿನ ಮೇಲೆ ಹೊಸ ಪದರ ಹೊಡೆಸೋ ಕೆಲಸ ಮೊದಲ್ನೇ ಸಲ ಮಾಡ್ಸಿದಾಗ ಎಂಟೇ ತಿಂಗಳಿಗೆ ಡ್ರೈನ್ ಪಕ್ಕ ಒಂದು ಗುಳ್ಳೆ ಎದ್ದಿತ್ತು, ಕಡಲೆಕಾಳಿನಷ್ಟು. ಸುಮ್ನೆ ಬಿಡ್ಬೇಕಿತ್ತು, ಉಗುರಲ್ಲಿ ಕೆರೆದೆ, ಅಷ್ಟೇ, ಬಿಸಿಲಿಗೆ ಸುಟ್ಟ ಚರ್ಮ ಸುಲಿಯೋ ಹಾಗೆ ಅಂಗೈ ಅಗಲ ಎದ್ದು ಕೈಗೇ ಬಂತು. ಬೇಜಾರಾಗಿದ್ದು ಅದಕ್ಕಲ್ಲ. ಅದರ ಕೆಳಗಿದ್ದ ಹಳೇ ಎನಾಮಲ್ ಇನ್ನೂ ಫಳಫಳ ಅಂತ ಹೊಳೀತಿತ್ತು ನೋಡಿ, ಅದಕ್ಕೆ. ಆಗ ಆ ಹೊಳಪಿನ ಅರ್ಥ ಗೊತ್ತಿರ್ಲಿಲ್ಲ, ಇವಾಗ ಗೊತ್ತು. ಯಾರೂ ಅದನ್ನ ಉಜ್ಜಿಲ್ಲ, ಆಸಿಡ್ ಮುಟ್ಟಿಸಿಲ್ಲ, ಬಟ್ಟೆಯಲ್ಲಿ ಒರೆಸಿ ಮೇಲೆ ಸ್ಪ್ರೇ ಹೊಡೆದು ಹೋಗಿದಾರೆ. ಹೊರಗೆ ಥಳುಕು ಒಳಗೆ ಹುಳುಕು ಅಂತಾರಲ್ಲ, ಇಲ್ಲಿ ಉಲ್ಟಾ, ಒಳಗೂ ಥಳುಕು, ಅದೇ ಪ್ರಾಬ್ಲಮ್ಮು.

ಹಳೇ ಕಬ್ಬಿಣದ ಟಬ್ಬಿನ ಮೇಲಿರೋ ಬಿಳಿ ಪದರ, ಅಂದ್ರೆ ಎನಾಮಲ್, ಪೇಂಟ್ ಅಲ್ಲ, ಕಬ್ಬಿಣದ ಮೇಲೆ ಕರಗಿಸಿ ಕೂರ್ಸಿರೋ ಗಾಜು. ಗಾಜಿನ ಮೇಲೆ ಏನು ತಾನೇ ಕಚ್ಕೊಳ್ಳುತ್ತೆ? ಅದಕ್ಕೇ ಆಸಿಡ್ ಹಾಕಿಯೋ ಉಪ್ಪುಕಾಗದದಲ್ಲಿ ಉಜ್ಜಿ ಸ್ಯಾಂಡಿಂಗ್ ಮಾಡಿಯೋ ಹೊಳಪು ಸಾಯಿಸ್ಬೇಕು, ಆಮೇಲೆ ಸೈಲೇನ್ ಅನ್ನೋ ಬಾಂಡಿಂಗ್ ಏಜೆಂಟ್ ಹಚ್ಬೇಕು, ಆಮೇಲೆ ಪ್ರೈಮರ್, ಆಮೇಲೆ ಎರಡು ಭಾಗ ಬೆರೆಸಿ ಹೊಡೆಯೋ ಪಾಲಿಯುರೆಥೇನ್ ಟಾಪ್ ಕೋಟ್. ನನ್ನ ಮೊದಲ್ನೇ ಮನುಷ್ಯ ಬೆಳಿಗ್ಗೆ ಬಂದು ಮೂರು ಗಂಟೇಲಿ ಎಲ್ಲ ಮುಗಿಸಿ ಹೊರಟುಬಿಟ್ಟಿದ್ದ, ಎಷ್ಟು ಫಾಸ್ಟು ಅಂತ ನಾನೇ ಹೊಗಳಿದ್ದೆ ಬೇರೆ. ಸುಲಿದ ಮೇಲೆ ಫೋನ್ ಮಾಡಿದ್ರೆ ನೀವು ಬ್ಲೀಚ್ ಹಾಕಿರ್ತೀರಾ ಅಂದ. ಗ್ಯಾರಂಟಿ ಪೇಪರ್ ತೆಗೆದು ನೋಡಿದೆ, ಡ್ರೈನ್ ಸುತ್ತ ಸುಲಿದ್ರೆ ಅನ್ವಯ ಆಗಲ್ಲ ಅಂತ ಸಣ್ಣಕ್ಷರದಲ್ಲಿ. ನೀರು ನಿಲ್ಲೋದೇ ಅಲ್ಲಿ, ಸುಲಿಯೋದೂ ಅಲ್ಲಿಂದಾನೇ, ಅದನ್ನೇ ಬಿಟ್ಟು ಗ್ಯಾರಂಟಿ ಕೊಟ್ರೆ ಇನ್ನೇನು ಕೊಟ್ಟಂಗಾಯ್ತು!

ಎರಡನೇ ಸಲ ಮೂರು ಜನರನ್ನ ಕರೆದೆ, ಮೂರೂ ಜನರಿಗೆ ಒಂದೇ ಪ್ರಶ್ನೆ. ಸ್ಪ್ರೇ ಗನ್ ಕೈಗೆ ತಗೊಳ್ಳೋಕ್ ಮುಂಚೆ ಏನೇನ್ ಮಾಡ್ತೀರಾ? ಒಬ್ರು ಚೆನ್ನಾಗಿ ಕ್ಲೀನ್ ಮಾಡ್ತೀವಿ ಸರ್ ಅಂದ್ರು, ಅಷ್ಟೇ. ಇನ್ನೊಬ್ರು ಫೋನಲ್ಲಿ ಫೋಟೋ ತೋರ್ಸಿದ್ರು, ಎಲ್ಲಾ ಕೆಲಸ ಮುಗಿದ ದಿನಾನೇ ತೆಗೆದಿದ್ದು, ಆ ದಿನ ನನ್ನ ಟಬ್ಬೂ ಹಂಗೇ ಕಾಣ್ತಿತ್ತು ಬಿಡಿ. ಮೂರನೇಯವರು ಉತ್ತರಾನೇ ಹೇಳ್ಲಿಲ್ಲ, ಜೇಬಿಂದ ಒಂದು ಮ್ಯಾಗ್ನೆಟ್ ತೆಗೆದು ಟಬ್ಬಿಗೆ ಹಚ್ಚಿದ್ರು, ಟಕ್ ಅಂತ ಕಚ್ತು, ಹ್ಞಾಂ ಕಬ್ಬಿಣಾನೇ ಅಂದ್ರು. ಅಕ್ರಿಲಿಕ್ ಆಗಿದ್ರೆ ಕಚ್ಚಲ್ಲ, ಅದಕ್ಕೆ ಈ ಆಸಿಡ್ ನಡೆಯಲ್ಲ, ಸ್ಯಾಂಡಿಂಗೇ ಮಾಡ್ಬೇಕಂತೆ. ಆಮೇಲೆ ಅವರೇ ನನ್ನನ್ನ ಪ್ರಶ್ನೆ ಕೇಳೋಕ್ ಶುರು ಮಾಡಿದ್ರು. ನಲ್ಲಿ ತೊಟ್ಟಿಕ್ಕುತ್ತಾ, ತೊಟ್ಟಿಕ್ಕಿದ್ರೆ ಮೊದಲು ಪ್ಲಂಬರ್ ಕರೆಸಿ ಸರಿಮಾಡ್ಸಿ, ಕೋಟಿಂಗ್ ಒಣಗೋ ಹೊತ್ತಿಗೆ ಒಂದು ಹನಿ ಬಿದ್ರೂ ಕಲೆ ಕೂರುತ್ತೆ. ಅಂಚಲ್ಲಿ ಸಿಲಿಕೋನ್ ಎಷ್ಟು ಸಲ ಹಾಕ್ಸಿದೀರಾ, ಹಳೇ ಕೋಟಿಂಗನ್ನ ಯಾವುದರಲ್ಲಿ ಮಾಡಿದ್ರು ಗೊತ್ತಾ. ಸಂದರ್ಶನ ಮಾಡೋಕ್ ಕೂತವನು ನಾನು, ಉತ್ತರ ಕೊಡ್ತಾ ಕೂತಿದ್ದೂ ನಾನೇ.

ಅವರನ್ನೇ ಆರಿಸೋಕೆ ಇನ್ನೊಂದು ಕಾರಣಾನೂ ಇದೆ. ಹಳೇ ಪದರ ತೆಗೆಯೋಕೆ ಮೆಥಿಲೀನ್ ಕ್ಲೋರೈಡ್ ಇರೋ ಸ್ಟ್ರಿಪ್ಪರ್ ಬಳಸ್ತೀರಾ ಅಂತ ನಾನು ಓದ್ಕೊಂಡು ಹೋಗಿ ಕೇಳಿದ್ದೆ. ಅದರ ಆವಿ ಗಾಳಿಗಿಂತ ಭಾರ, ಟಬ್ಬೊಳಗೆ ನೀರಿನ ಹಾಗೆ ತುಂಬ್ಕೊಳ್ಳುತ್ತೆ, ಬಗ್ಗಿ ಕೆಲಸ ಮಾಡೋರ ಮುಖ ಸರಿಯಾಗಿ ಅಲ್ಲೇ ಇರುತ್ತೆ. ಅಮೆರಿಕದಲ್ಲಿ 2000ದಿಂದ 2011ರ ಒಳಗೆ ಹಿಂಗೆ ಟಬ್ ರಿಫಿನಿಶಿಂಗ್ ಮಾಡ್ತಾ 13 ಜನ ಸತ್ತಿದ್ದು ಅಲ್ಲಿನ ಸರ್ಕಾರಿ ವರದಿಯಲ್ಲೇ ಇದೆ. ಇವರು, ಅದು ನಾವು ಮುಟ್ಟಲ್ಲ, ಬ್ಲೇಡಲ್ಲಿ ಕೆರೀತೀವಿ, ಉಳಿದಿದ್ದನ್ನ ಉಜ್ಜಿ ತೆಗೀತೀವಿ, ಟೈಮ್ ಜಾಸ್ತಿ ಹಿಡಿಯುತ್ತೆ ಅಂದ್ರು. ಫ್ಯಾನು ಪೈಪು ಕಟ್ಟಿ ಗಾಳಿ ಕಿಟಕಿಯಿಂದ ಹೊರಗೆ ಬಿಡ್ತೀವಿ, ಆ ದಿನ ಮನೇಲಿ ಮಕ್ಕಳು ವಯಸ್ಸಾದೋರು ಇರೋದ್ ಬೇಡ ಅಂತ ಕೇಳದೆನೇ ಹೇಳಿದ್ರು. ಟಾಪ್ ಕೋಟಲ್ಲಿ ಐಸೊಸಯನೇಟ್ ಅನ್ನೋ ಕೆಮಿಕಲ್ ಇರುತ್ತೆ, ಉಸಿರಾಟಕ್ಕೆ ಒಳ್ಳೇದಲ್ಲ, ವಾಸನೆ ಏನು ಬರಲ್ಲ ಬಿಡಿ ಅನ್ನೋರನ್ನ ನಂಬ್ಬೇಡಿ. ಆಸಿಡಲ್ಲಿ ಹೈಡ್ರೋಫ್ಲೋರಿಕ್ ಇದ್ರೆ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಜೊತೆಗಿದೆಯಾ ಅಂತಾನೂ ಕೇಳಿ. ಮೈಮೇಲೆ ಬಿದ್ರೆ ತೊಳೆದು ತಕ್ಷಣ ಹಚ್ಚೋದು ಅದನ್ನೇ. ನಾನು ಕೇಳಿದಾಗ ಬ್ಯಾಗಿಂದ ಟ್ಯೂಬ್ ತೆಗೆದು ತೋರ್ಸಿದ್ರು.

ಮೂರು ವರ್ಷ ಹಿಂದೆ ಮಾಡಿದ ಯಾವುದಾದ್ರೂ ಮನೇಯವರ ಜೊತೆ ಮಾತಾಡ್ಬೇಕು ಅಂದೆ, ಒಪ್ಕೊಂಡ್ರು. ಆಯಮ್ಮ ಸೂಪರ್ ಅಂತೇನೂ ಅನ್ಲಿಲ್ಲ, ಕಾಲಿಡೋ ಅಂಚಲ್ಲಿ ಸ್ವಲ್ಪ ಹೊಳಪು ಕಮ್ಮಿಯಾಗಿದೆ, ಬೇರೆ ಎಲ್ಲೂ ಎದ್ದಿಲ್ಲ ಅಂದ್ರು. ನಂಗೆ ಅಷ್ಟೇ ಸಾಕಾಗಿತ್ತು.

ಕೆಲಸದ ದಿನ ನಾನು ಗಡಿಯಾರ ನೋಡ್ಕೊಂಡೇ ಇದ್ದೆ. ಒಟ್ಟು ಏಳು ಗಂಟೆ, ಅದ್ರಲ್ಲಿ ಸ್ಪ್ರೇ ಮಾಡಿದ್ದು ಒಂದೂವರೆ ಗಂಟೆ ಇರ್ಬೋದು, ಮಿಕ್ಕಿದ್ದೆಲ್ಲ ಕೆರೆಯೋದು ತೊಳೆಯೋದು ಒಣಗ್ಸೋದು ಟೇಪ್ ಹಚ್ಚೋದು. ಡ್ರೈನಿನ ಮುಚ್ಚಳ ಬಿಚ್ಚಿ ತೆಗೆದ್ರು, ಮೊದಲ್ನೇಯವನು ಅದರ ಮೇಲೇ ಟೇಪ್ ಹಚ್ಚಿ ಹೊಡೆದಿದ್ದ. ಆಸಿಡ್ ತೊಳೆದ ಮೇಲೆ ಕರೆದು ತೋರ್ಸಿದ್ರು, ಒಂದು ಮಗ್ ನೀರು ಸುರಿದ್ರು, ನೀರು ಮಣಿಮಣಿಯಾಗಿ ಉರುಳ್ಲಿಲ್ಲ, ಹಾಳೆ ಹಾಸಿದ ಹಾಗೆ ಪೂರ್ತಿ ಹರಡ್ಕೊಂಡು ಇಳೀತು, ಟಬ್ಬು ಸ್ಲೇಟಿನ ಹಾಗೆ ಮಂಕಾಗಿತ್ತು. ಒಂದು ಮೂಲೇಲಿ ಮಾತ್ರ ನೀರು ಮಣಿ ಕಟ್ತು, ಅಲ್ಲಿಗೆ ಇನ್ನೊಂದು ಸಲ ಆಸಿಡ್.

ಇಷ್ಟಾಗಿಯೂ ನಲ್ಲಿ ಕೆಳಗೆ ಒಂದು ಕಡೆ ಟಾಪ್ ಕೋಟ್ ಬಿಟ್ಕೊಂಡು ಸಾಸಿವೆಯಷ್ಟು ಗುಂಡಿ ಬಿತ್ತು. ಹಳೇ ಸಿಲಿಕೋನ್ ಎಲ್ಲೋ ಉಳ್ಕೊಂಡಿದೆ, ಫಿಶ್ ಐ ಅಂತೀವಿ ಇದಕ್ಕೆ ಅಂತ ಅವರೇ ತೋರ್ಸಿ ಹೇಳಿದ್ರು, ನಂಗೆ ಕಂಡೇ ಇರ್ಲಿಲ್ಲ. ಒಣಗಿದ ಮೇಲೆ ಮಾರನೇ ದಿನ ಬಂದು ಅಷ್ಟು ಜಾಗ ಉಜ್ಜಿ ಮತ್ತೆ ಹೊಡೆದ್ರು. ದುಡ್ಡು ಕೇಳ್ಲಿಲ್ಲ.

ಅಡುಗೆಮನೆ ಲ್ಯಾಮಿನೇಟ್ ಕೌಂಟರಿಗೂ ಹಿಂಗೇ ಮಾಡ್ಕೊಡಿ ಅಂದ್ರೆ ಸಿಂಕ್ ಪಕ್ಕ ಬೆರಳಲ್ಲಿ ಒತ್ತಿ ನೋಡಿ, ಒಳಗೆ ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಊದ್ಕೊಂಡಿದೆ, ಇದರ ಮೇಲೆ ನಾನು ಏನು ಬಳಿದ್ರೂ ವೇಸ್ಟು, ಆ ತುಂಡು ಬದಲಾಯಿಸಿ, ಉಳಿದಿದ್ದಕ್ಕೆ ಬೇಕಾದ್ರೆ ಮಾಡ್ತೀನಿ, ಆದ್ರೆ ಬಿಸಿ ಪಾತ್ರೆ ನೇರವಾಗಿ ಇಡೋ ಅಭ್ಯಾಸ ಇದ್ರೆ ಮಾಡಿಸ್ಲೇಬೇಡಿ ಅಂದ್ರು. ನಮ್ಮನೇಲಿ ಆ ಅಭ್ಯಾಸ ಇದೆ. ಮಾಡಿಸ್ಲಿಲ್ಲ.

ಬರೆಸ್ಕೊಂಡಿದ್ದು ಇಷ್ಟು: ಯಾವ ಪ್ರಾಡಕ್ಟು, ಎಷ್ಟು ಕೋಟು, ಡ್ರೈನ್ ಸುತ್ತ ಎದ್ರೆ ಯಾರು ಜವಾಬ್ದಾರಿ, ಯಾವ ಕ್ಲೀನರ್ ಹಾಕಿದ್ರೆ ಗ್ಯಾರಂಟಿ ಹೋಗುತ್ತೆ. ಎರಡು ದಿನ ನೀರು ಮುಟ್ಟಿಸ್ಲಿಲ್ಲ. ಕೆಳಗೆ ರಬ್ಬರ್ ಬಟ್ಟಲು ಇರೋ ಮ್ಯಾಟ್ ಇತ್ತಲ್ಲ, ಜಾರದ ಹಾಗೆ ಕಚ್ಕೊಳ್ಳೋದು, ಅದು ಕೋಟಿಂಗನ್ನೇ ಹಿಡಿದು ಎಳೆಯುತ್ತೆ ಅಂದಿದ್ದಕ್ಕೆ ಅದನ್ನ ಎಸೆದೆ. ಉಜ್ಜೋ ಪೌಡರೂ ಬಂದ್.

ಈಗ ಎರಡೂವರೆ ವರ್ಷ. ಡ್ರೈನ್ ಸುತ್ತ ಆಗಾಗ ಬೆರಳಾಡಿಸಿ ನೋಡ್ತೀನಿ, ಉಗುರಲ್ಲಿ ಅಲ್ಲ. ಗುಂಡಿ ಇದ್ದ ಜಾಗ ಎಲ್ಲಿ ಅಂತ ಕೇಳಿದ್ರೆ ನಂಗೇ ಸರಿಯಾಗಿ ತೋರ್ಸೋಕಾಗಲ್ಲ. ಶಾಂಪೂ ಬಾಟಲಿ ಬಿದ್ದು ಅಂಚಲ್ಲಿ ಒಂದು ಸಣ್ಣ ಚಿಪ್ ಹಾರಿತ್ತು, ಅದಕ್ಕೆ ನಾನೇ ಟಚಪ್ ಮಾಡ್ದೆ, ಬಣ್ಣ ಸ್ವಲ್ಪ ಹಳದಿ ಹೊಡೀತಿದೆ.