ಹೂದಾನಿಯ ವಯಸ್ಸು ತಳದಲ್ಲಿದೆ

ಸುಮಾರು 1870ರಿಂದ ಎರಡನೆಯ ಮಹಾಯುದ್ಧದವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಕಲಾತ್ಮಕ ಮಣ್ಣಿನ ಹೂದಾನಿ, ಹೂಜಿ, ತಟ್ಟೆಗಳನ್ನು ಸಂಗ್ರಹಿಸಲು ಹೊರಟವರು ಮೊದಲು ಅವನ್ನು ಬೋರಲು ಹಾಕಿ ನೋಡುವುದನ್ನು ರೂಢಿಸಿಕೊಳ್ಳಬೇಕು. ಚಿತ್ತಾರ ಕಣ್ಣನ್ನು ಸೆಳೆಯುತ್ತದೆ, ನಿಜ. ಆದರೆ ಕಾಲವನ್ನು ಹೇಳುವುದು ತಳದ ಮುದ್ರೆ.

ಭೂತಗನ್ನಡಿ ಹಿಡಿದು ಮೊದಲು ದೇಶದ ಹೆಸರನ್ನು ಹುಡುಕಿರಿ. ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂಬ ಅಮೆರಿಕದ ಕಾಯ್ದೆ 1891ರಲ್ಲಿ ಜಾರಿಗೆ ಬಂದದ್ದರಿಂದ, ‘ಇಂಗ್ಲೆಂಡ್’ ಎಂಬ ಮುದ್ರೆಯುಳ್ಳ ವಸ್ತು ಸಾಮಾನ್ಯವಾಗಿ ಆ ವರ್ಷದ ನಂತರದ್ದು. ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ್ದು. ಆದರೆ ಆ ಹೆಸರು ಇಲ್ಲವೆಂದ ಮಾತ್ರಕ್ಕೆ ವಸ್ತು ಹಳೆಯದೆಂದು ತೀರ್ಮಾನಿಸಬಾರದು. ಸ್ವದೇಶದಲ್ಲೇ ಮಾರಾಟವಾಗುವ ಪಾತ್ರೆಗೆ ಅದರ ಅಗತ್ಯವಿರಲಿಲ್ಲ.

ವಜ್ರಾಕೃತಿಯ ಚಿಹ್ನೆಯಿದ್ದರೆ ಅದು 1842ರಿಂದ 1883ರವರೆಗಿನ ವಿನ್ಯಾಸ ನೋಂದಣಿಯ ಗುರುತು. ವರ್ಷವನ್ನು ಸೂಚಿಸುವ ಅಕ್ಷರ 1867ರವರೆಗೆ ಮೇಲಿನ ಮೂಲೆಯಲ್ಲಿ, 1868ರಿಂದ ಬಲಮೂಲೆಯಲ್ಲಿ ಇರುತ್ತದೆ. 1884ರಿಂದ ವಜ್ರದ ಬದಲು ‘ಆರ್‌ಡಿ ನಂಬರ್’ ಎಂಬ ನೋಂದಣಿಯ ಕ್ರಮಸಂಖ್ಯೆ ಒಂದರಿಂದ ಆರಂಭವಾಯಿತು. 1900ರ ಹೊತ್ತಿಗೆ ಅದು ಮೂರೂವರೆ ಲಕ್ಷದ ಆಸುಪಾಸಿಗೆ ಬಂದಿತ್ತು. ಇಲ್ಲಿ ಹೊಸಬರು ಎಡವುವುದುಂಟು: ಇವು ವಿನ್ಯಾಸ ನೋಂದಣಿಯಾದ ಕಾಲವನ್ನಷ್ಟೇ ಹೇಳುತ್ತವೆ, ಪಾತ್ರೆ ಅದಾಗಿ ಎಷ್ಟೋ ವರ್ಷಗಳ ನಂತರ ಆವಿಗೆಯಿಂದ ಹೊರಬಂದಿರಬಹುದು.

ಅನಂತರ ತಯಾರಕರ ಗುರುತಿನತ್ತ ಗಮನ ಹರಿಸಿರಿ. ಸಂಸ್ಥೆ ಅಲ್ಪಾಯುವಾಗಿದ್ದರೆ ಕೆಲಸ ಸುಲಭ: ಮಿಡಲ್ಸ್‌ಬರೋ ಬಳಿಯ ಲಿಂಥಾರ್ಪ್ ಕುಂಬಾರಿಕೆ 1879ರಿಂದ ನಡೆದದ್ದು ಸುಮಾರು ಹತ್ತೇ ವರ್ಷ. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಡೌಲ್ಟನ್ ಸಂಸ್ಥೆಗಾಗಿ ಹಸಿಮಣ್ಣಿನ ಮೇಲೆ ಪ್ರಾಣಿಗಳನ್ನು ಗೀರಿ ಬಿಡಿಸಿದ ಹ್ಯಾನಾ ಬಾರ್ಲೊ ಅವರಂಥ ಕಲಾವಿದರ ಹೆಸರಿನ ಮೊದಲಕ್ಷರಗಳೂ ತಳದಲ್ಲಿ ಸಿಗುತ್ತವೆ. ‘ರಾಯಲ್ ಡೌಲ್ಟನ್’ ಎಂದಿದ್ದರೆ ಅದು 1901ಕ್ಕಿಂತ ಹಿಂದಿನದಲ್ಲ. ನನಗೆ ಬಲು ಪ್ರಿಯವಾದದ್ದು ಸ್ಮೆಥಿಕ್‌ನ ರಸ್ಕಿನ್ ಕುಂಬಾರಿಕೆ. ಅಲ್ಲಿನ ಅನೇಕ ವಸ್ತುಗಳ ಮೇಲೆ ವರ್ಷವನ್ನೇ ಒತ್ತಿರುತ್ತಾರೆ. ಅದನ್ನು ನಡೆಸುತ್ತಿದ್ದ ವಿಲಿಯಂ ಹೌಸನ್ ಟೇಲರ್ 1935ರಲ್ಲಿ ತೀರಿಕೊಳ್ಳುವ ಮುನ್ನ, ಪಾತ್ರೆಗೆ ಗಾಜಿನಂಥ ಹೊಳಪು ಕೊಡುವ ತಮ್ಮ ಲೇಪಗಳ ಪಾಕವಿಧಾನವನ್ನೆಲ್ಲ ನಾಶಪಡಿಸಿದ್ದರಿಂದ, ಅಲ್ಲಿನ ಪಾತ್ರೆಗಳ ಕೆಂಡದಂಥ ಕೆಂಪು ಅವರೊಂದಿಗೇ ಮುಗಿದುಹೋಯಿತು.

ಮೂರ್‌ಕ್ರಾಫ್ಟ್ ವಸ್ತುಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ವಿಲಿಯಂ ಮೂರ್‌ಕ್ರಾಫ್ಟ್ 1913ರವರೆಗೆ ಬರ್ಸ್ಲೆಮ್‌ನ ಮ್ಯಾಕಿಂಟೈರ್ ಸಂಸ್ಥೆಯಲ್ಲಿದ್ದು, ಬಳಿಕ ಕೋಬ್ರಿಜ್‌ನಲ್ಲಿ ಸ್ವಂತ ಕಾರ್ಖಾನೆ ತೆರೆದರು. ರಾಣಿಯ ಕುಂಬಾರರೆಂಬ ಒಕ್ಕಣೆ 1928ರ ನಂತರದ್ದು. 1945ರಲ್ಲಿ ಅವರು ನಿಧನರಾದ ಮೇಲೆ ಮಗ ವಾಲ್ಟರ್ ಕೂಡ ‘ಡಬ್ಲ್ಯು.ಎಂ.’ ಎಂದೇ ಸಹಿ ಹಾಕಿದ್ದರಿಂದ, ಅಕ್ಷರಗಳನ್ನಷ್ಟೇ ನಂಬದೆ ಕೈಬರಹವನ್ನೂ ಹೋಲಿಸಬೇಕು.

ಕೊಳ್ಳುವ ಮುನ್ನ, ಸಂತೆಯಲ್ಲಿ ಮಡಕೆ ಆರಿಸುವ ಹಾಗೆಯೇ ಅಂಚನ್ನು ಬೆರಳಿನಿಂದ ಮೆಲ್ಲಗೆ ತಟ್ಟಿರಿ. ಮಂಕು ಸದ್ದು ಬಂದರೆ ಎಲ್ಲೋ ಬಿರುಕಿರುವ ಶಂಕೆಯಿದೆ. ಕತ್ತಲೆಯಲ್ಲಿ ನೇರಳಾತೀತ ಟಾರ್ಚ್ ಹಿಡಿದರೆ ಹಳೆಯ ದುರಸ್ತಿಯ ಅಂಟು, ಬಣ್ಣಗಳು ಹಲವು ವೇಳೆ ಬೇರೆಯಾಗಿ ಹೊಳೆಯುತ್ತವೆ. ಲೇಪದ ಮೇಲಿನ ಬಲೆಯಂಥ ನವಿರು ಗೆರೆಗಳನ್ನು ಮಾತ್ರ ವಯಸ್ಸಿನ ಸಾಕ್ಷಿಯೆಂದು ಒಪ್ಪಬೇಡಿರಿ, ಹೊಸ ಪಾತ್ರೆಯಲ್ಲೂ ಅವು ಮೂಡುತ್ತವೆ. ಮನೆಗೆ ತಂದ ಮೇಲೆ ತಳದ ಛಾಯಾಚಿತ್ರ, ಎತ್ತರ, ಕೊಂಡ ಸ್ಥಳ ಮತ್ತು ಬೆಲೆಯನ್ನು ಅಂದೇ ಪುಸ್ತಕದಲ್ಲಿ ಬರೆದಿಡಿರಿ.